ಬಾಡಿಗೆ ಕಮ್ಮಿ, ನೀರು ಹಳದಿ

ನಮ್ಮ ಬೀದಿಯ ಬೋರ್‌ವೆಲ್ ನೀರಲ್ಲಿ ಕ್ರೋಮಿಯಂ ಅನ್ನೋ ವಿಷಲೋಹ ಇದೆ ಅಂತ ಒಂದು ಕಾಗದದ ಮೇಲೆ ಬರೆಸೋದಕ್ಕೆ ಏನೇನು ಮಾಡಬೇಕಾಯಿತು ಅನ್ನೋದನ್ನು ಬರೆಯುತ್ತಿದ್ದೇನೆ. ಅಕ್ಕಪಕ್ಕದ ಬಡಾವಣೆಯವರು ಬಂದು ಕೇಳುತ್ತಲೇ ಇರುತ್ತಾರೆ. "ಅಕ್ಕ, ಎಲ್ಲಿಗೆ ಹೋಗಬೇಕು? ಯಾರಿಗೆ ಅರ್ಜಿ ಕೊಡಬೇಕು?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನೇ ಕೊಟ್ಟುಬಿಡುತ್ತೇನೆ.

ನಾವಿರುವುದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನ ಒಂದು ಬಡಾವಣೆಯಲ್ಲಿ. ಹೆಸರು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ರಸ್ತೆಯ ಒಂದು ಕಡೆ ಶೆಡ್‌ಗಳು. ಲೇತ್, ಪ್ರೆಸ್, ಪೌಡರ್ ಕೋಟಿಂಗ್, ಪ್ಲೇಟಿಂಗ್. ಇನ್ನೊಂದು ಕಡೆ ನಮ್ಮ ಮನೆಗಳು. ಒಂದು ಟ್ವೆಂಟಿ ಥರ್ಟಿ ಸೈಟು ಅಂದರೆ ಅದರಲ್ಲಿ ನಾಲ್ಕೈದು ಸಂಸಾರ. ಹೆಂಗಸರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಗಂಡಸರು ಎದುರಿನ ಶೆಡ್‌ಗಳಿಗೆ. ಯಾದಗಿರಿ, ರಾಯಚೂರು ಕಡೆಯವರಿದ್ದಾರೆ, ಬಿಹಾರ, ಒಡಿಶಾದವರೂ ಇದ್ದಾರೆ. ನನ್ನದು ಮೂಲೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಡಿಟಿಪಿ, ರೇಷನ್ ಕಾರ್ಡ್ ಅರ್ಜಿ, ಆಧಾರ್ ಪ್ರಿಂಟು, ಬಾಡಿಗೆ ಕರಾರು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆದರೂ ಅದರ ಕಾಗದ ನನ್ನ ಕೈಯಿಂದಲೇ ಹೋಗಬೇಕು.

ನೀರಿನ ವಿಷಯದಲ್ಲಿ ನಮ್ಮ ಬೀದಿಯಲ್ಲೇ ಮೂರು ಜಾತಿ. ಓನರ್ ಮನೆಗೆ ಕಾವೇರಿ. ಬಾಡಿಗೆಯವರಲ್ಲಿ ಕೈಯಲ್ಲಿ ಸ್ವಲ್ಪ ಕಾಸು ಓಡಾಡುವವರಿಗೆ ಇಪ್ಪತ್ತು ಲೀಟರ್ ಕ್ಯಾನು. ಉಳಿದವರಿಗೆ ಬೀದಿ ಕೊನೆಯ ಕಪ್ಪು ಟ್ಯಾಂಕಿನ ಬೋರ್ ನೀರು. ಕುಡಿಯೋಕೂ ಅದೇ, ಅನ್ನಕ್ಕೂ ಅದೇ, ಮಗುವಿನ ಸ್ನಾನಕ್ಕೂ ಅದೇ.

2024ರ ಬೇಸಿಗೆ ನೆನಪಿದೆಯಲ್ವಾ? ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಒಣಗಿವೆ ಅಂತ ಸರ್ಕಾರವೇ ಹೇಳಿತ್ತು. ನಮ್ಮ ಟ್ಯಾಂಕಿಗೆ ನೀರು ಬರುತ್ತಿದ್ದ ಬೋರೂ ಆಗಲೇ ಒಣಗಿತು. ಶೆಡ್‌ಗಳ ಕಾಂಪೌಂಡಿಗೆ ಹತ್ತಿರ ಹಳೇದೊಂದು ಬೋರಿತ್ತು. ಎಷ್ಟೋ ವರ್ಷದಿಂದ ಮುಚ್ಚಳ ಹಾಕಿ ಬಿಟ್ಟಿದ್ದರು. ಯಾಕೆ ಬಿಟ್ಟಿದ್ದರು ಅಂತ ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ. ಮೋಟಾರ್ ಇಳಿಸಿದರು, ನೀರು ಬಂತು, ಎಲ್ಲರೂ ಖುಷಿಪಟ್ಟರು.

ಆ ನೀರು ತಿಳಿ ಹಳದಿ. ಸ್ಟೀಲ್ ಬಿಂದಿಗೆಯಲ್ಲಿ ಗೊತ್ತಾಗುತ್ತಿರಲಿಲ್ಲ. ಬಿಳಿ ಪ್ಲಾಸ್ಟಿಕ್ ಬಕೆಟ್‌ಗೆ ಹಿಡಿದರೆ ಕಾಣುತ್ತಿತ್ತು. "ಕಬ್ಬಿಣದ ಅಂಶ ಬಿಡಿ, ಬೋರ್ ನೀರಂದ್ರೆ ಹಾಗೇ" ಅಂದರು ಎಲ್ಲ. ಆದರೆ ನಮ್ಮೂರಿನ ಕಬ್ಬಿಣದ ನೀರು ನನಗೆ ಗೊತ್ತು. ಅದು ಬೋರಿಂದ ಬರುವಾಗ ತಿಳಿಯಾಗಿರುತ್ತೆ. ಗಾಳಿ ತಾಗಿದ ಮೇಲೆ ಕೆಂಪಗಾಗುತ್ತೆ, ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ ಕೂರುತ್ತೆ, ಬಟ್ಟೆಗೆ ಕಲೆ ಹಿಡಿಯುತ್ತೆ. ಇದು ಹಾಗಲ್ಲ. ಬರುವಾಗಲೇ ಹಳದಿ. ಎರಡು ದಿನ ಇಟ್ಟರೂ ಅದೇ ಹಳದಿ. ತಳದಲ್ಲಿ ಏನೂ ಇಲ್ಲ.

ಮೊದಲು ನಡೆದದ್ದು ಟಿಡಿಎಸ್ ಮೀಟರಿನ ಆಟ. ಫಿಲ್ಟರ್ ಮಾರುವ ಹುಡುಗನೊಬ್ಬ ಪೆನ್ನಿನಂಥದ್ದನ್ನು ಲೋಟದಲ್ಲಿ ಅದ್ದಿ, "ಸಾವಿರದ ಒಳಗಿದೆ ಮೇಡಂ, ಬೋರಿಗೆ ಇದು ನಾರ್ಮಲ್ಲು" ಅಂದ. ಅವನು ಸುಳ್ಳು ಹೇಳಲಿಲ್ಲ. ಆ ಮೀಟರು ನೀರಲ್ಲಿ ಕರಗಿರೋದೆಲ್ಲದರ ಒಟ್ಟು ಲೆಕ್ಕವನ್ನು ಅಂದಾಜಿಸುತ್ತೆ. ಉಪ್ಪು, ಸುಣ್ಣ ಎಲ್ಲಾ ಸೇರಿ. ಲೀಟರಿಗೆ 900 ಮಿಲಿಗ್ರಾಂ ಇರೋ ಕಡೆ ಅರ್ಧ ಮಿಲಿಗ್ರಾಂ ವಿಷ ಬೆರೆತರೆ ಅದಕ್ಕೆ ಗೊತ್ತಾಗೋದೇ ಇಲ್ಲ. ಕ್ರೋಮಿಯಂಗೆ ಕುಡಿಯುವ ನೀರಿನ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅರ್ಧ ಮಿಲಿಗ್ರಾಂ ಅಂದರೆ ಅದರ ಹತ್ತು ಪಟ್ಟು.

ಆಮೇಲೆ ಕೈಯಿಂದ ದುಡ್ಡು ಹಾಕಿ ಒಂದು ಲ್ಯಾಬಲ್ಲಿ ಟೆಸ್ಟ್ ಮಾಡಿಸಿದೆವು. ಒಂದೇ ಹಾಳೆಯ ರಿಪೋರ್ಟು. ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್. ಗಡಸುತನ ಸ್ವಲ್ಪ ಜಾಸ್ತಿ, ಮಿಕ್ಕಿದ್ದು ಮಿತಿಯೊಳಗೆ. ಬೀದಿಯಲ್ಲಿ ಎಲ್ಲರಿಗೂ ಸಮಾಧಾನ. ನನಗೂ ಹೌದು ಅನ್ನಿಸಿತ್ತು.

ಮುಖ್ಯರಸ್ತೆಯ ಆಚೆ ಒಂದು ದೊಡ್ಡ ಅಪಾರ್ಟ್‌ಮೆಂಟ್ ಇದೆ. ಅದರ ಮೇಂಟೆನೆನ್ಸ್ ನೋಡಿಕೊಳ್ಳುವವರು ಆಗಾಗ ಪ್ರಿಂಟ್ ತೆಗೆಸೋಕೆ ನನ್ನ ಅಂಗಡಿಗೇ ಬರುತ್ತಾರೆ. ಒಂದು ದಿನ ಅವರ ನೀರಿನ ರಿಪೋರ್ಟ್ ಪ್ರಿಂಟ್ ಹಾಕಿದೆ. ಹಾಳೆಗಳು ಬರುತ್ತಲೇ ಇವೆ. ನಮ್ಮ ರಿಪೋರ್ಟಲ್ಲಿ ಇದ್ದದ್ದೆಲ್ಲ ಅದರಲ್ಲೂ ಇತ್ತು. ಅದರ ಕೆಳಗೆ ಇನ್ನೊಂದು ಪಟ್ಟಿ: ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ. "ಇದೆಲ್ಲ ಯಾಕೆ ಸರ್?" ಅಂದೆ. "ಪೀಣ್ಯ ಪಕ್ಕ ಅಲ್ವಾ ಮೇಡಂ, ಮೆಟಲ್ಸ್ ನೋಡ್ಲೇಬೇಕು. ನಮ್ಮ ಬೋರಲ್ಲಿ ಕ್ರೋಮಿಯಂ ಬಂತು, ಅದಕ್ಕೇ ಅದನ್ನ ಬಂದ್ ಮಾಡಿ ಕಾವೇರಿ, ಟ್ಯಾಂಕರ್ ಮಾಡ್ಕೊಂಡ್ವಿ. ಆಗ್ಲೇ ನಾಕೈದು ವರ್ಷ ಆಯ್ತು" ಅಂದರು.

ನಾಲ್ಕೈದು ವರ್ಷ. ಅವರ ಗೇಟಿಗೂ ನಮ್ಮ ಟ್ಯಾಂಕಿಗೂ ನಡುವೆ ಒಂದು ರಸ್ತೆ, ಒಂದು ರಾಜಕಾಲುವೆ, ಅಷ್ಟೇ. ನೆಲದ ಕೆಳಗೆ ಇರೋದು ಒಂದೇ ಬಂಡೆ, ಅದರ ಬಿರುಕಲ್ಲಿ ಹರಿಯೋದು ಒಂದೇ ನೀರು. ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ನಮಗೆ ಹೇಳಬೇಕು ಅಂತ ಅವರಿಗೆ ಹೊಳೆದಿರಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆದಿರಲಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇದೆ ಅನ್ನೋದು ಹೊಸ ಸುದ್ದಿಯೂ ಅಲ್ಲ. ಸರ್ಕಾರದ ವರದಿಗಳಲ್ಲಿ, ಪೇಪರುಗಳಲ್ಲಿ ಎಷ್ಟೋ ಸಲ ಬಂದಿದೆ. ಗೊತ್ತಾಗಬೇಕಾದವರ ಮನೆಗೆ ಮಾತ್ರ ಬಂದಿರಲಿಲ್ಲ.

ಅದಕ್ಕೇ ಮೊದಲ ಮಾತು: ಲ್ಯಾಬಿಗೆ ಹೋಗಿ "ನೀರು ಟೆಸ್ಟ್ ಮಾಡಿ" ಅಂದರೆ ಸಾಮಾನ್ಯ ಪಟ್ಟಿಯಷ್ಟೇ ಮಾಡಿ ಕೊಡುತ್ತಾರೆ. ಲೋಹಗಳನ್ನು ಹೆಸರು ಹೇಳಿ ಕೇಳಬೇಕು. ಅದಕ್ಕೆ ಬೇರೆ ಚಾರ್ಜು. ಎನ್‌ಎಬಿಎಲ್, ಅಂದರೆ ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ, ಅದರ ಮಾನ್ಯತೆ ಇರುವ ಲ್ಯಾಬೇ ಆಗಿರಲಿ. ಮುಂದೆ ಕಚೇರಿಗಳಲ್ಲಿ ಮೊದಲು ನೋಡೋದು ಆ ಸೀಲನ್ನೇ.

ಸ್ಯಾಂಪಲ್ ತೆಗೆಯೋದೂ ಒಂದು ಕೆಲಸ. ಲ್ಯಾಬಿನ ಹುಡುಗಿ ತಾಳ್ಮೆಯಿಂದ ಹೇಳಿಕೊಟ್ಟಳು. ಟ್ಯಾಂಕಿನ ನೀರಲ್ಲ, ಬೋರಿನ ಬಾಯಿಂದಲೇ ಹಿಡಿಯಬೇಕು. ಹತ್ತು ನಿಮಿಷ ಮೋಟಾರ್ ಓಡಿಸಿ ಪೈಪಲ್ಲಿ ನಿಂತ ನೀರೆಲ್ಲ ಹೋಗಬೇಕು. ಒಟ್ಟು ಕ್ರೋಮಿಯಂ ನೋಡುವ ಬಾಟಲಿಗೆ ನೈಟ್ರಿಕ್ ಆಸಿಡ್ಡಿನ ಹನಿ ಹಾಕಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಲೆಕ್ಕ ತಪ್ಪುತ್ತೆ. ಕ್ರೋಮಿಯಂನಲ್ಲೇ ಹೆಚ್ಚು ಅಪಾಯದ ಬಗೆಗೆ ಕ್ರೋಮಿಯಂ ಆರು ಅಂತಾರೆ, ಅದನ್ನು ನೋಡುವ ಬಾಟಲಿಗೆ ಆಸಿಡ್ ಹಾಕಬಾರದು. ಐಸ್ ಡಬ್ಬಿಯಲ್ಲಿಟ್ಟು ಒಂದು ದಿನದೊಳಗೆ ಮುಟ್ಟಿಸಬೇಕು. ಹಾಲಿನ ಬೂತಿನ ಅಣ್ಣ ತನ್ನ ಥರ್ಮಾಕೋಲ್ ಡಬ್ಬಿ ಕೊಟ್ಟರು. ಬಾಟಲಿಯ ಮೇಲೆ ಜಾಗ, ದಿನ, ಟೈಮು ಬರೆದು, ಅದರ ಪಕ್ಕದಲ್ಲೇ ನಿಂತು ಫೋಟೋ ತೆಗೆದುಕೊಂಡೆವು.

ರಿಪೋರ್ಟ್ ಬಂದಾಗ ಕ್ರೋಮಿಯಂ ಸಾಲಿನಲ್ಲಿ ಮಿತಿ 0.05 ಅಂತಿತ್ತು. ಅದರ ಪಕ್ಕದ ಅಂಕಿ ಹತ್ತು ಪಟ್ಟನ್ನೂ ದಾಟಿತ್ತು. ಅದರಲ್ಲೂ ಹೆಚ್ಚುಪಾಲು ಕ್ರೋಮಿಯಂ ಆರು.

ಈ ಆರಕ್ಕೂ ಮೂರಕ್ಕೂ ಬಹಳ ವ್ಯತ್ಯಾಸ ಇದೆ. ಕ್ರೋಮಿಯಂ ಮೂರು ಮಣ್ಣಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತೆ, ಅಪಾಯವೂ ಕಮ್ಮಿ. ಆರು ಹಾಗಲ್ಲ, ನೀರಿನ ಜೊತೆ ಸಲೀಸಾಗಿ ಹರಿಯುತ್ತೆ. ಹಳದಿ ಬಣ್ಣ ಬರೋದು ಅದರಿಂದಲೇ. ಅದರ ಆವಿ, ದೂಳು ಉಸಿರಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅನ್ನೋದು ಸಾಬೀತಾದ ವಿಷಯ. ಚರ್ಮಕ್ಕೆ ತಾಗಿದರೆ ಅಲರ್ಜಿ, ಹುಣ್ಣು. ಕಾಯಿಸಿದರೆ ಹೋಗೋದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತೆ. "ಮಗೂಗೆ ಕುದಿಸಿಯೇ ಕೊಡ್ತೀನಿ ಅಕ್ಕ" ಅಂತ ಹೆಮ್ಮೆಯಿಂದ ಹೇಳುತ್ತಿದ್ದ ತಾಯಂದಿರಿಗೆ ಇದನ್ನು ಹೇಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಜಾಸ್ತಿ ನೀರು ಕುಡಿಯುತ್ತಾರೆ. ಕ್ಯಾಂಡಲ್ ಫಿಲ್ಟರ್, ಯುವಿ ಲೈಟು ಯಾವುದೂ ಇದಕ್ಕೆ ಆಗೋದಿಲ್ಲ. ಆರ್‌ಒ ಸರಿಯಾಗಿದ್ದರೆ ಬಹುಪಾಲು ತೆಗೆಯುತ್ತೆ.

ರಿಪೋರ್ಟನ್ನು ಬೀದಿಯಲ್ಲಿ ತೋರಿಸಿದೆ. ಯಾರೂ ನಂಬಲಿಲ್ಲ ಅಂತಲ್ಲ, ಯಾರಿಗೂ ಅದು ತಾಗಲಿಲ್ಲ. ಸೊನ್ನೆ ಪಾಯಿಂಟ್ ಅಷ್ಟು, ಇಷ್ಟು ಅಂದರೆ ಏನು ಗೊತ್ತಾಗುತ್ತೆ? ಪರಿಚಯದ ಕೆಮಿಸ್ಟ್ರಿ ಮೇಷ್ಟ್ರೊಬ್ಬರು ಭಾನುವಾರ ಒಂದು ಚಿಕ್ಕ ಕಿಟ್ ತಂದರು. ಅಂಗಡಿ ಮುಂದೆ ಮೇಜು ಹಾಕಿ ಮೂರು ಗಾಜಿನ ಟ್ಯೂಬು ಇಟ್ಟರು. ಒಂದರಲ್ಲಿ ಓನರ್ ಮನೆಯ ಕಾವೇರಿ, ಒಂದರಲ್ಲಿ ಕ್ಯಾನ್ ನೀರು, ಒಂದರಲ್ಲಿ ಟ್ಯಾಂಕಿನದು. ಮೂರಕ್ಕೂ ಒಂದೊಂದು ಹನಿ ಆಸಿಡ್, ಆಮೇಲೆ ಡೈಫಿನೈಲ್ ಕಾರ್ಬಜೈಡ್ ಅನ್ನೋ ಔಷಧಿ. ಕಾವೇರಿ ತಿಳಿಯಾಗಿಯೇ ಉಳಿಯಿತು. ಕ್ಯಾನಿನದೂ ಹಾಗೇ. ಟ್ಯಾಂಕಿನ ನೀರು ಮೊದಲು ಗುಲಾಬಿಯಾಗಿ, ನೋಡನೋಡುತ್ತಾ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತು. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು "ಇದನ್ನೇ ಕುಡಿತಾ ಇದೀವಾ?" ಅಂದಳು. ಇನ್ನೊಬ್ಬಳು ಮನೆಗೆ ಓಡಿ ತನ್ನ ಬಿಂದಿಗೆಯ ನೀರು ತಂದಳು. ಅದೂ ನೇರಳೆ. ಆವತ್ತೇ ಅರ್ಜಿಗೆ ಸಹಿ ಬಿದ್ದವು.

ಸಹಿ ಹಾಕಿದವರು ಹೆಂಗಸರೇ ಜಾಸ್ತಿ. ಗಂಡಸರು ಹಿಂದೆ ನಿಂತರು. ಅದಕ್ಕೆ ಕಾರಣ ಇತ್ತು. ಅರ್ಜಿ ಯಾರ ವಿರುದ್ಧ ಹೋಗುತ್ತೋ ಅಲ್ಲಿಯೇ ಅವರ ಕೆಲಸ. ಪ್ಲೇಟಿಂಗ್ ಶೆಡ್ಡಿಗೆ ಹೋಗುವ ರಾಯಚೂರು ಕಡೆಯ ಅಣ್ಣನೊಬ್ಬ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಎಲ್ಲಾ ಬಿಡಿಸಿ ಹೇಳಿದ. ನಲ್ಲಿ, ಬೈಕಿನ ಬಿಡಿಭಾಗ, ಕುರ್ಚಿಯ ಪೈಪು, ಏನೇ ಹೊಳೆಯಬೇಕಾದರೂ ಕ್ರೋಮಿಕ್ ಆಸಿಡ್ ತೊಟ್ಟಿಯಲ್ಲಿ ಅದ್ದಿ ಕರೆಂಟ್ ಕೊಡಬೇಕು. ಎತ್ತಿದ ಮೇಲೆ ನೀರಲ್ಲಿ ತೊಳೆಯಬೇಕು. ಆ ತೊಳೆದ ನೀರೇ ತಲೆನೋವು. ಅದಕ್ಕೆ ಮೆಟಾಬೈಸಲ್ಫೈಟ್ ಹಾಕಿ ಆರನ್ನು ಮೂರು ಮಾಡಬೇಕು, ಸುಣ್ಣ ಹಾಕಿ ಕೆಳಗೆ ಕೂರಿಸಬೇಕು, ಆ ಕೆಸರನ್ನು ಒಣಗಿಸಿ ದಾಬಸ್‌ಪೇಟೆ ಕಡೆಯ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ದುಡ್ಡು ಕೊಟ್ಟು ಕಳಿಸಬೇಕು. "ಸರಿಯಾಗಿ ಮಾಡೋರು ಇದಾರೆ ಅಕ್ಕ. ನಮ್ಮಲ್ಲಿ ಆರ್ಡರ್ ಜಾಸ್ತಿ ಬಂದಾಗ ಮಾಡಲ್ಲ, ಹಿಂದಿನ ಗುಂಡಿಗೆ ಬಿಡ್ತಾರೆ" ಅಂದ. ಅಂಗೈ ತೋರಿಸಿದ. ಬೆರಳ ಸಂದಿಯಲ್ಲಿ ಗುಂಡಗೆ, ಸಣ್ಣಗೆ, ಆಳವಾಗಿ ಹುಣ್ಣಿನ ಕಲೆಗಳು. ಕೈಗವಸು ಕೊಡುತ್ತಾರಂತೆ. ಹರಿದರೆ ಹೊಸದು ಬೇಗ ಸಿಗೋದಿಲ್ಲವಂತೆ. ಹೋಗುವಾಗ, "ನನ್ನ ಹೆಸ್ರು ಎಲ್ಲೂ ಬರಬಾರ್ದು. ಶೆಡ್ ಮುಚ್ಚಿದ್ರೆ ಊರಿಗೆ ಏನು ಕಳಿಸ್ಲಿ?" ಅಂದ.

ಹಗಲೆಲ್ಲ ಆ ಆವಿಯಲ್ಲಿ ನಿಂತು, ರಾತ್ರಿ ಬಂದು ಆ ನೀರೇ ಕುಡಿಯುವವನು ಅವನು. ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಅರ್ಜಿಯ ಒಕ್ಕಣೆ ಬದಲಾಯಿಸಿದೆ. "ಮುಚ್ಚಿಸಿ" ಅನ್ನೋ ಕಡೆ "ಪರಿಶೀಲಿಸಿ, ಸಂಸ್ಕರಣೆ ಇಲ್ಲದೆ ಬಿಡುವುದನ್ನು ನಿಲ್ಲಿಸಿ, ನಮಗೆ ಬೇರೆ ನೀರು ಕೊಡಿಸಿ" ಅಂತ ಹಾಕಿದೆ.

ಅರ್ಜಿ ಕೊಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ನಗರದಲ್ಲಿ ಇಂಥ ಕಚೇರಿಗಳು ಹಲವು ಇವೆ. ನಿಮ್ಮ ಜಾಗ ಯಾವುದಕ್ಕೆ ಸೇರುತ್ತೆ ಅಂತ ಮೊದಲೇ ಕೇಳಿಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಕಥೆ ಬೇಡ. ಬೋರ್ ಎಲ್ಲಿದೆ, ಎಷ್ಟು ಆಳ, ನೀರು ಯಾವಾಗಿಂದ ಹಳದಿ, ಎಷ್ಟು ಮನೆ ಬಳಸುತ್ತಿವೆ, ಯಾವ ಹೊತ್ತಿನಲ್ಲಿ ಚರಂಡಿಗೆ ಬಿಡುತ್ತಾರೆ. ರಿಪೋರ್ಟಿನ ಜೆರಾಕ್ಸ್ ಲಗತ್ತಿಸಿ, ಮೂಲಪ್ರತಿ ಯಾವ ಕಾರಣಕ್ಕೂ ಕೊಡಬೇಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟಂಗೇ ಅಲ್ಲ.

ಪರಿಶೀಲನೆಗೆ ಬಂದ ಅಧಿಕಾರಿ ಕೂತು ಮಾತಾಡಿದರು, ಅದೇ ನಮಗೆ ದೊಡ್ಡದು. ನಮ್ಮ ರಿಪೋರ್ಟ್ ನೋಡಿ, "ಇದು ಸರಿಯಾಗಿಯೇ ಇರಬಹುದು, ಆದರೆ ಕೋರ್ಟಲ್ಲಿ ನಿಲ್ಲಲ್ಲ ಅಮ್ಮ" ಅಂದರು. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಹೇಳೋದು ಹಾಗೆ. ಘಟಕದಿಂದ ಮಂಡಳಿಯವರೇ ಸ್ಯಾಂಪಲ್ ತೆಗೆಯಬೇಕು. ತೆಗೆಯುವಾಗ ಘಟಕದವರಿಗೆ ನೋಟಿಸ್ ಕೊಡಬೇಕು. ಅವರ ಎದುರಲ್ಲೇ ಎರಡು ಭಾಗ ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಹಾಗೆ ತೆಗೆದದ್ದಕ್ಕೇ ಸಾಕ್ಷಿಯ ಬೆಲೆ. ನ್ಯಾಯವಾಗಿ ನೋಡಿದರೆ ಇದು ಸರಿಯಾದ ನಿಯಮವೇ. ಯಾರೋ ಎಲ್ಲಿಂದಲೋ ಬಾಟಲಿ ತಂದು ಯಾರ ಮೇಲೋ ಹೊರಿಸಬಾರದಲ್ವಾ. ಆದರೆ ಗುಂಡಿಗೆ ಬಿಡೋದು ರಾತ್ರಿ, ನೋಟಿಸ್ ಹಿಡಿದು ಬರೋದು ಹಗಲು.

ಅವರು ಹೇಳಿದ ಎರಡನೇ ಮಾತು ಇನ್ನೂ ಭಾರವಾಗಿತ್ತು. ಬೋರಲ್ಲಿ ಇರುವ ಕ್ರೋಮಿಯಂ ಈಗಿನ ಶೆಡ್ಡಿನದೇ ಅಂತ ಹೇಳೋದು ಹೇಗೆ? ಪೀಣ್ಯ ಬೆಳೆಯಲು ಶುರುವಾದದ್ದು 1970ರ ದಶಕದಲ್ಲಿ. ಎಷ್ಟೋ ಪ್ಲೇಟಿಂಗ್ ಘಟಕಗಳು ಬಂದವು, ಮುಚ್ಚಿದವು, ಹೆಸರು ಬದಲಾಯಿಸಿದವು. ಮುಚ್ಚಿದ ಮೇಲೂ ನೆಲದೊಳಗಿನದು ಎಲ್ಲಿ ಹೋಗುತ್ತೆ? ತಮಿಳುನಾಡಿನ ರಾಣಿಪೇಟೆಯ ಉದಾಹರಣೆ ಕೊಟ್ಟರು. ಅಲ್ಲಿ 1990ರ ದಶಕದಲ್ಲಿ ನಿಂತುಹೋದ ಕ್ರೋಮೇಟ್ ಕಾರ್ಖಾನೆಯೊಂದು ಲಕ್ಷ ಟನ್ನಿಗೂ ಮೀರಿ ಕ್ರೋಮಿಯಂ ಕಸ ಬಿಟ್ಟುಹೋಯಿತು. ಅದು ದಶಕಗಳ ಕಾಲ ಅಲ್ಲೇ ಕೂತು ಸುತ್ತಲಿನ ನೀರು ಕೆಡಿಸಿತು. ಮಾಲೀಕ ಹೋದ, ಕಸ ಉಳಿಯಿತು.

ತನಿಖೆ ಅದರ ಪಾಡಿಗೆ ನಡೆಯಲಿ ಅಂತ ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಇದು ನನಗೆ ಅಭ್ಯಾಸದ ಕೆಲಸ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮೂನೆ 'ಎ'. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಸಿಟ್ಟನ್ನೆಲ್ಲ ಅದರಲ್ಲಿ ತುಂಬೋಕೆ ಹೋಗಬೇಡಿ. "ಯಾಕೆ ಕ್ರಮ ತೆಗೆದುಕೊಂಡಿಲ್ಲ?" ಅಂತ ಕೇಳಿದರೆ ಉತ್ತರ ಬರೋದಿಲ್ಲ. ದಾಖಲೆ ಕೇಳಬೇಕು. ಈ ರಸ್ತೆಯಲ್ಲಿ ಯಾವ ಯಾವ ಪ್ಲೇಟಿಂಗ್ ಘಟಕಕ್ಕೆ ಕಾರ್ಯಾಚರಣೆಯ ಸಮ್ಮತಿ ಪತ್ರ ಕೊಟ್ಟಿದ್ದೀರಿ, ಅದರ ಪ್ರತಿ ಕೊಡಿ. ಇನ್ನೊಂದು ಅರ್ಜಿಯಲ್ಲಿ, ಕೆಸರು ಸಾಗಿಸಿದ ಮ್ಯಾನಿಫೆಸ್ಟ್, ಅಂದರೆ ಸಾಗಣೆಯ ದಾಖಲೆ, ಅದರ ಪ್ರತಿ ಕೊಡಿ. ಪ್ಲೇಟಿಂಗ್ ಕೆಂಪು ವರ್ಗದ ಉದ್ಯಮ, ಅಂದರೆ ಅತಿ ಹೆಚ್ಚು ಮಾಲಿನ್ಯದ ಪಟ್ಟಿಯಲ್ಲಿರುವಂಥದ್ದು. ಅದಕ್ಕೆ ಸಮ್ಮತಿ ಪತ್ರದಲ್ಲಿ ಷರತ್ತುಗಳ ದೊಡ್ಡ ಪಟ್ಟಿಯೇ ಇರುತ್ತೆ. ಹೊರಬಿಡುವ ನೀರಲ್ಲಿ ಕ್ರೋಮಿಯಂ ಆರು ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಅನ್ನೋದು ಅದರಲ್ಲೊಂದು.

ಮೊದಲನೇ ಅರ್ಜಿಗೆ ಉತ್ತರ ಬಂತು. ಆ ಅಣ್ಣ ಹೇಳಿದ ಶೆಡ್ಡು ಪಟ್ಟಿಯಲ್ಲಿ ಇತ್ತು, ಆದರೆ ಪ್ಲೇಟಿಂಗ್ ಅಂತಲ್ಲ. ಬರೀ ಫ್ಯಾಬ್ರಿಕೇಷನ್ ಅಂತ ಸಮ್ಮತಿ ತೆಗೆದುಕೊಂಡು ಒಳಗೆ ಕ್ರೋಮ್ ತೊಟ್ಟಿ ಇಟ್ಟಿದ್ದರು. ಇಷ್ಟು ಗೊತ್ತಾದ ಮೇಲೆ ಗುಂಡಿಯ ನೀರು ಹಿಡಿಯುವ ತಾಪತ್ರಯವೇ ಬೇಕಾಗಲಿಲ್ಲ. ಒಳಗೆ ಹೋಗಿ ತೊಟ್ಟಿ ನೋಡಿದರೆ ಸಾಕು. ಆ ಪ್ರತಿಯನ್ನು ಎರಡನೇ ದೂರಿಗೆ ಲಗತ್ತಿಸಿದೆವು. ಪರಿಶೀಲನೆ ನಡೆಯಿತು, ನೋಟಿಸ್ ಹೋಯಿತು, ಅದೇ ಜಲ ಕಾಯ್ದೆಯ ಸೆಕ್ಷನ್ 33ಎ ಪ್ರಕಾರ ಕರೆಂಟ್ ಕಡಿತಕ್ಕೆ ಆದೇಶ ಆಯಿತು. ಮಾಹಿತಿ ಹಕ್ಕಿನ ಹತ್ತು ರೂಪಾಯಿ ಇಷ್ಟು ಕೆಲಸ ಮಾಡಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಈ ನಡುವೆ ಆರೋಗ್ಯದ ಕಡೆಯದೂ ಸ್ವಲ್ಪ ಹೇಳಬೇಕು. ಮನೆಮನೆಗೆ ಹೋಗಿ ಒಂದು ಪುಸ್ತಕದಲ್ಲಿ ಬರೆದುಕೊಂಡೆವು: ಯಾವ ನೀರು ಯಾವುದಕ್ಕೆ, ಮನೆಯಲ್ಲಿ ಮಕ್ಕಳೆಷ್ಟು, ಯಾರು ಬಸುರಿ. ತುರಿಕೆ, ಚರ್ಮ ಒಡೆಯುವುದು, ಹೊಟ್ಟೆನೋವು ಅಂತ ಬಹಳ ಮಂದಿ ಹೇಳಿದರು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರಮ್ಮ ನೇರವಾಗಿ ಮಾತಾಡಿದರು. "ತುರಿಕೆಗೆ ಸೋಪಿನ ಪುಡಿಯೂ ಕಾರಣ ಆಗಬಹುದು, ಗಾರ್ಮೆಂಟ್ಸಿನ ಬಟ್ಟೆಯ ಬಣ್ಣವೂ ಆಗಬಹುದು. ನೀರಿನಿಂದಲೇ ಅಂತ ನಾನು ಬರೆದುಕೊಡೋಕೆ ಆಗಲ್ಲ. ಆದರೆ ಚೀಟಿಯಲ್ಲಿ ಯಾವ ನೀರು ಬಳಸ್ತಾರೆ ಅಂತ ಪ್ರತಿಸಲ ಬರೀತೀನಿ." ಅದನ್ನು ಈಗಲೂ ಬರೆಯುತ್ತಿದ್ದಾರೆ. ಕ್ಯಾನ್ಸರಿನಂಥದ್ದು ಬರೋದಾದರೆ ಹತ್ತಿಪ್ಪತ್ತು ವರ್ಷದ ಮೇಲೆ. ಅಷ್ಟೊತ್ತಿಗೆ ನಮ್ಮ ಬೀದಿಯವರು ಇನ್ನೆಷ್ಟು ಬಾಡಿಗೆ ಮನೆ ಬದಲಾಯಿಸಿರುತ್ತಾರೋ! ಆಗ ಯಾವ ಡಾಕ್ಟರು ಯಾವ ಬೋರಿನ ನೆನಪು ಕೇಳುತ್ತಾರೆ? ಅಪಾರ್ಟ್‌ಮೆಂಟಿನವರಿಗೆ ಫೈಲ್ ಇರುತ್ತೆ. ನಮಗೆ ಇರೋದು ಆ ಚೀಟಿ.

ಎಲ್ಲಕ್ಕಿಂತ ಸುಸ್ತಾದದ್ದು ಬೇರೆ ನೀರು ತರಿಸುವುದರಲ್ಲಿ. ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, 110 ಹಳ್ಳಿಗಳಿಗೆ ಅಂತ ದೊಡ್ಡ ಸುದ್ದಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಬರುವ ನೀರು ನಮ್ಮ ಬೀದಿಯ ಮೊದಲ ಸಾಲಿನ ಮನೆಗಳವರೆಗೂ ಬಂದೇ ಇತ್ತು. ಅಲ್ಲಿಂದ ಹಿಂದಿನ ಮನೆಗಳಿಗೆ ಮೂವತ್ತು ಅಡಿ ಬರೋದೇ ಕಷ್ಟ. ಕನೆಕ್ಷನ್‌ಗೆ ಮನೆಯ ಖಾತೆ ಬೇಕು. ಅರ್ಜಿ ಓನರೇ ಹಾಕಬೇಕು, ದುಡ್ಡೂ ಅವರೇ ಕಟ್ಟಬೇಕು. ಬಾಡಿಗೆಯವರು ಕೇಳುವ ಹಾಗೇ ಇಲ್ಲ.

ಓನರ್‌ಗಳೋ ನನ್ನ ಮೇಲೆ ಕೆಂಡ ಕಾರಿದರು. ಒಬ್ಬರು ಅಂಗಡಿಗೇ ಬಂದು, "ಏನಮ್ಮ, ನೀರು ಕೆಟ್ಟಿದೆ ಅಂತ ಪೇಪರಲ್ಲಿ ಬಂದ್ರೆ ನಮ್ಮನೆಗೆ ಯಾರು ಬರ್ತಾರೆ? ಲೋನ್ ನೀನು ಕಟ್ತೀಯಾ?" ಅಂದರು. ಬಡಾವಣೆ ಹೆಸರು ಬರೆಯದೇ ಇರೋದು ಅದಕ್ಕೇ. ಹೆದರಿಕೊಂಡು ಅಲ್ಲ. ಅವರಲ್ಲೂ ಕೆಲವರು ಬಾಡಿಗೆಯಿಂದಲೇ ಬದುಕುವ ಮುದುಕರು, ಗಂಡ ಸತ್ತ ಹೆಂಗಸರು. ಆದರೂ ಅವರ ಮಾತಲ್ಲಿ ಒಂದು ಲೆಕ್ಕ ಅಡಗಿತ್ತು. ನೀರು ಕೆಟ್ಟಿದೆ ಅಂತ ಅವರಿಗೆ ಗೊತ್ತಿಲ್ಲದ ಸುದ್ದಿಯೇನಲ್ಲ. ಆ ಬೋರಿಗೆ ಮುಚ್ಚಳ ಹಾಕಿದ್ದು ಯಾಕೆ ಅಂತ ಹಳಬರಿಗೆ ನೆನಪಿತ್ತು. ಮುಖ್ಯರಸ್ತೆಯ ಆಚೆ ಹನ್ನೆರಡು ಸಾವಿರ ಬಾಡಿಗೆ ಇರುವಂಥ ಮನೆ ನಮ್ಮಲ್ಲಿ ಏಳಕ್ಕೆ ಸಿಗೋದು ಸುಮ್ನೆ ಅಲ್ಲ.

ಕೊನೆಗೆ ವಾರ್ಡ್ ಕಚೇರಿಯ ಮುಂದೆ ಹೆಂಗಸರೆಲ್ಲ ಖಾಲಿ ಬಿಂದಿಗೆ ಇಟ್ಟು ಕೂತೆವು. ಗದ್ದಲ ಮಾಡಲಿಲ್ಲ. ರಿಪೋರ್ಟು, ಸ್ವೀಕೃತಿ ಮುದ್ರೆ, ಮಾಹಿತಿ ಹಕ್ಕಿನ ಉತ್ತರ, ಮನೆಮನೆಯ ಪುಸ್ತಕ ಎಲ್ಲಾ ಒಂದು ಫೈಲಲ್ಲಿತ್ತು. ಇಂಥ ಫೈಲ್ ಕೈಯಲ್ಲಿದ್ದರೆ ಮಾತಾಡುವ ರೀತಿಯೇ ಬದಲಾಗುತ್ತೆ, ನಮ್ಮದೂ, ಅವರದೂ. ಮೊದಲು ಟ್ಯಾಂಕರ್ ಬಂತು. ಆಮೇಲೆ ಬೀದಿ ಕೊನೆಗೆ ಕಾವೇರಿಯ ಸಾರ್ವಜನಿಕ ನಲ್ಲಿ ಎಳೆದರು. ದಿನ ಬಿಟ್ಟು ದಿನ ನೀರು, ಅದೂ ನಸುಕಿನಲ್ಲಿ. ಗಾರ್ಮೆಂಟ್ಸಿಗೆ ಹೋಗುವವರು ನಾಲ್ಕು ಗಂಟೆಗೆ ಎದ್ದು ಹಿಡಿಯುತ್ತಾರೆ. ಕುಡಿಯೋಕೆ, ಅಡುಗೆಗೆ ಅದು ಸಾಕು. ಸ್ನಾನಕ್ಕೆ, ಬಟ್ಟೆಗೆ ಇನ್ನೂ ಬೋರೇ.

ಆ ಶೆಡ್ಡಿಗೆ ಬೀಗ ಬಿತ್ತು. ಒಳಗಿನ ತೊಟ್ಟಿಗಳು ಒಂದು ರಾತ್ರಿ ಲಾರಿ ಹತ್ತಿದವು. ಊರ ಆಚೆ, ಹೊಸದಾಗಿ ಶೆಡ್‌ಗಳು ಏಳುತ್ತಿರುವ ಕಡೆಗೆ ಹೋಯಿತು ಅಂತಾರೆ. ಅಲ್ಲಿಯೂ ಒಂದು ಬೋರಿರುತ್ತೆ. ರಾಯಚೂರಿನ ಅಣ್ಣನೂ ಅದರ ಜೊತೆಗೇ ಹೋದ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು. ಹೋಗುವ ಮುಂಚೆ ಅವನ ಕೈಗೆ ಲ್ಯಾಬಿನ ನಂಬರು, ಯಾವ ಲೋಹಗಳ ಹೆಸರು ಹೇಳಿ ಕೇಳಬೇಕು ಅನ್ನೋ ಚೀಟಿ ಕೊಟ್ಟೆ. ತೆಗೆದುಕೊಂಡ.

ನಮ್ಮ ಬೋರು ಇನ್ನೂ ಹಳದಿಯೇ. ಶೆಡ್ ಹೋದ ಕೂಡಲೇ ನೀರು ತಿಳಿಯಾಗುತ್ತೆ ಅಂತ ಕಾಯುತ್ತಿದ್ದವರಿಗೆ ಮೇಷ್ಟ್ರು ಬಂದು ಬಿಡಿಸಿ ಹೇಳಿದರು. ಬಂಡೆಯ ಬಿರುಕಲ್ಲಿ ಸೇರಿದ್ದು ತಾನಾಗಿ ಹೋಗೋದಕ್ಕೆ ವರ್ಷಗಟ್ಟಲೆ ಬೇಕು. ಸ್ವಚ್ಛ ಮಾಡಬೇಕಾದರೆ ಸರ್ಕಾರವೇ ಕೈಹಾಕಬೇಕು. ಅದಕ್ಕೆ ಇನ್ನೊಂದು ಅರ್ಜಿ ಹೋಗಿದೆ. ಮ್ಯಾನಿಫೆಸ್ಟ್ ಕೇಳಿದ ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದ್ದೇನೆ.

ಖಾಲಿಯಾದ ಮನೆಗೆ ಈಗ ಕಲಬುರಗಿ ಕಡೆಯ ಹೊಸ ಸಂಸಾರ ಬಂದಿದೆ, ಚಿಕ್ಕ ಕೂಸು ಬೇರೆ. ಓನರ್ ನೀರಿನ ವಿಷಯ ಹೇಳಿರಲಿಲ್ಲ. ಟ್ಯಾಂಕಿನ ಮೇಲೆ "ಕುಡಿಯಲು, ಅಡುಗೆಗೆ ಬಳಸಬೇಡಿ" ಅಂತ ಕನ್ನಡ, ಹಿಂದಿ ಎರಡರಲ್ಲೂ ಪ್ರಿಂಟ್ ಹಾಕಿ, ಪಕ್ಕದಲ್ಲೇ ಲ್ಯಾಬ್ ರಿಪೋರ್ಟನ್ನೂ ಅಂಟಿಸಿದ್ದೇವೆ. ಯಾರೋ ರಾತ್ರಿ ಹೊತ್ತು ಕಿತ್ತು ಹಾಕುತ್ತಾರೆ. ಯಾರು ಅಂತ ನನಗೆ ಗೊತ್ತು, ಬೀದಿಗೂ ಗೊತ್ತು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಇನ್ನೊಂದು ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ಅಂಟಿಸುತ್ತೇನೆ.